ಹಿಮ್ಮಡಿ ಮುಲಾಮಿಗೆ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿದ ಅನುಭವ

ನಮ್ಮ ಸ್ವಸಹಾಯ ಸಂಘದ ಹಿಮ್ಮಡಿ ಮುಲಾಮಿನ ಪರೀಕ್ಷಾ ವರದಿ ಹೋದ ವಾರ ಕೈಸೇರಿತು. ಕಲಬುರಗಿಯ ಬಿಸಿಲು ನೆತ್ತಿ ಸುಡುವಾಗ ಹಿಡಿದ ಕೆಲಸ ತೊಗರಿ ಬಿತ್ತನೆ ಮುಗಿದ ಮೇಲೆ ಮುಗಿಯಿತು. ಚರ್ಮಕ್ಕೆ ಹಚ್ಚುವ ವಸ್ತು ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ಪರೀಕ್ಷಿಸಿಕೊಡುವವರು ಯಾರು, ಅವರನ್ನು ಏನೆಂದು ಕೇಳಬೇಕು, ಎಷ್ಟು ಹಣ ಹಿಡಿದುಕೊಂಡು ಹೋಗಬೇಕು ಎಂದು ಹೇಳಿಕೊಡುವವರೇ ನಮಗೆ ಬೇಗ ಸಿಗಲಿಲ್ಲ. ಬೀದರ, ಯಾದಗಿರಿ, ಕಲಬುರಗಿ ಜಿಲ್ಲೆಗಳಲ್ಲಿ ಸಾಬೂನು, ಎಣ್ಣೆ, ಮುಲಾಮು ತಯಾರಿಸುವ ಮಹಿಳೆಯರ ಗುಂಪುಗಳಿವೆ. ಅವರಲ್ಲಿ ಯಾರಿಗಾದರೂ ಇದು ಉಪಯೋಗಕ್ಕೆ ಬರಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮುಲಾಮಿನಲ್ಲಿ ಇರುವುದು ಕುಸುಬೆ ಎಣ್ಣೆ, ಬೇವಿನ ಎಣ್ಣೆ, ಜೇನುಮೇಣ ಮತ್ತು ಅರಿಶಿನ. ಕಪ್ಪು ಮಣ್ಣಿನ ಹೊಲದಲ್ಲಿ ದಿನವಿಡೀ ಬರಿಗಾಲಲ್ಲಿ ನಿಲ್ಲುವ ಹೆಂಗಸರ ಹಿಮ್ಮಡಿ ಒಡೆದು ರಕ್ತ ಬರುವುದು ಇಲ್ಲಿ ಹೊಸದಲ್ಲ. ಅವರಿಗಾಗಿಯೇ ಇದನ್ನು ಶುರುಮಾಡಿದೆವು. ಸೌಂದರ್ಯವರ್ಧಕ ನಿಯಮಗಳು, 2020ರ ಪ್ರಕಾರ ಇಂಥದ್ದನ್ನು ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕೇ ಬೇಕು. ನಮಗೆ ಸ್ವಂತ ಘಟಕವಿಲ್ಲ, ಪರವಾನಗಿ ಇರುವ ಘಟಕವೊಂದರಲ್ಲಿ ಲೋನ್ ಲೈಸೆನ್ಸ್ (ಬೇರೆಯವರ ಘಟಕ ಬಳಸಿ ತಯಾರಿಸುವ ಪರವಾನಗಿ) ಪಡೆದು ತಯಾರಿಸುತ್ತೇವೆ. (ಸ್ವಂತ ಘಟಕ ಇರುವವರ ಅರ್ಜಿಯ ನಮೂನೆ ಸಿಒಎಸ್-5, ಪರವಾನಗಿಯದು ಸಿಒಎಸ್-8. ಲೋನ್ ಲೈಸೆನ್ಸ್‌ಗೆ ಅರ್ಜಿ ಸಿಒಎಸ್-6, ಪರವಾನಗಿ ಸಿಒಎಸ್-9.)

ಮೇಳವೊಂದರಲ್ಲಿ ನಮ್ಮ ಮಳಿಗೆಗೆ ಬಂದ ಸಗಟು ವ್ಯಾಪಾರಿಯೊಬ್ಬರು ಡಬ್ಬಿ ತೆರೆದು ಮೂಸಿ ನೋಡಿ, "ಇದು ಬ್ಯಾಕ್ಟೀರಿಯಾ ತಡೆಯುತ್ತದೆ ಎಂದು ಲ್ಯಾಬ್ ವರದಿ ತನ್ನಿ ಅಕ್ಕಾ, ದೊಡ್ಡ ಆರ್ಡರ್ ಕೊಡುತ್ತೇನೆ" ಎಂದರು. ಬೇವು, ಅರಿಶಿನ ಎರಡೂ ಇವೆ, ವರದಿ ಬರುವುದರಲ್ಲಿ ಏನು ಕಷ್ಟ ಎಂದು ಸಂಘದಲ್ಲಿ ಎಲ್ಲರೂ ಒಪ್ಪಿದರು. ಉಳಿತಾಯದ ಹಣದಿಂದ ಖರ್ಚು ಮಾಡಲು ನಿರ್ಣಯವೂ ಆಯಿತು.

ಮೊದಲು ಹೋದದ್ದು ಊರಿನಲ್ಲೇ ಇರುವ ರಕ್ತ ಪರೀಕ್ಷೆಯ ಲ್ಯಾಬ್‌ಗಳಿಗೆ. ಗಾಯದ ಕೀವಿನಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದಕ್ಕೆ ಯಾವ ಆ್ಯಂಟಿಬಯೋಟಿಕ್ ಹತ್ತುತ್ತದೆ ಎಂದು ಅವರು ದಿನವೂ ನೋಡುತ್ತಾರೆ. ಆದರೆ ರೋಗಿಯ ಮಾದರಿ ಬಿಟ್ಟು ಮಾರುಕಟ್ಟೆಯ ಮುಲಾಮನ್ನು ಅವರು ತೆಗೆದುಕೊಳ್ಳುವುದಿಲ್ಲ. ನೀರು ಪರೀಕ್ಷೆ ಮಾಡುವಲ್ಲಿಯೂ ಅದೇ ಉತ್ತರ ಬಂತು. ಕೊನೆಗೆ ನಮ್ಮ ಸಂಘದ ಸದಸ್ಯೆಯ ಮಗಳು ತನ್ನ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ಉಪನ್ಯಾಸಕಿಯ ಹತ್ತಿರ ಕರೆದೊಯ್ದಳು. ಈ ಇಡೀ ಕೆಲಸದಲ್ಲಿ ನಮಗೆ ಸಿಕ್ಕ ದೊಡ್ಡ ಸಹಾಯ ಆ ಮೇಡಂ ಅವರದು. ವಿದ್ಯಾರ್ಥಿಗಳ ಕೈಯಲ್ಲಿ ಪರೀಕ್ಷೆ ಮಾಡಿಸಬಹುದು, ಆದರೆ ಆ ಫಲಿತಾಂಶ ವ್ಯಾಪಾರಿಯ ಮುಂದೆ ನಡೆಯುವುದಿಲ್ಲ, ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯವೇ ಬೇಕು ಎಂದು ಅವರೇ ಹೇಳಿದ್ದು. ನಿಮ್ಮ ಕೈಯಲ್ಲಿ ಹಣ ಕಡಿಮೆಯಿದ್ದು, ವಸ್ತುವಿನಲ್ಲಿ ಗುಣ ಇದೆಯೇ ಎಂದು ತಿಳಿಯುವುದಷ್ಟೇ ಉದ್ದೇಶವಾಗಿದ್ದರೆ, ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಅಥವಾ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ಯಾವುದೇ ಕಾಲೇಜಿನಲ್ಲಿ ಮೊದಲು ವಿಚಾರಿಸಿ. ಖಾಸಗಿ ಪ್ರಯೋಗಾಲಯಕ್ಕೆ ಹಣ ಕಟ್ಟುವುದು ಆಮೇಲಿನ ಮಾತು.

ಎನ್‌ಎಬಿಎಲ್ ವಿಷಯದಲ್ಲಿ ಒಂದು ಎಚ್ಚರ. ಮಾನ್ಯತೆ ಕೊಡುವುದು ಇಡೀ ಕಟ್ಟಡಕ್ಕಲ್ಲ, ಪರೀಕ್ಷೆಗಳಿಗೆ. ನೀರಿನ ಪರೀಕ್ಷೆಗೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಸೌಂದರ್ಯವರ್ಧಕದ ಪರೀಕ್ಷೆಗೂ ಮಾನ್ಯತೆ ಇರುತ್ತದೆ ಎಂದೇನೂ ಇಲ್ಲ. ಮಾನ್ಯತಾಪತ್ರದ ಜೊತೆ 'ಸ್ಕೋಪ್' ಎಂಬ ಪಟ್ಟಿ ಇರುತ್ತದೆ, ಎನ್‌ಎಬಿಎಲ್ ಜಾಲತಾಣದಲ್ಲಿಯೂ ಸಿಗುತ್ತದೆ. ಅದರಲ್ಲಿ ನಿಮ್ಮ ಬಗೆಯ ವಸ್ತುವೂ ನೀವು ಕೇಳುವ ಪರೀಕ್ಷೆಯೂ ಇವೆಯೇ ಎಂದು ನೋಡಿಕೊಂಡೇ ಕೊಟೇಶನ್ ಕೇಳಿ. ನಾವು ವಿಚಾರಿಸಿದ ಕೆಲವು ಕಡೆ ಇದನ್ನು ನೇರವಾಗಿ ಹೇಳಲಿಲ್ಲ. "ಮಾಡಿಕೊಡುತ್ತೇವೆ ಬನ್ನಿ" ಎಂದವರು, ವರದಿಯ ಮೇಲೆ ಎನ್‌ಎಬಿಎಲ್ ಮುದ್ರೆ ಬರುತ್ತದೆಯೇ ಎಂದು ಕೇಳಿದಾಗ ಮಾತು ಬದಲಿಸಿದರು. ಕೊನೆಗೆ ಹೈದರಾಬಾದಿನ ಒಂದು ಪ್ರಯೋಗಾಲಯ ಒಪ್ಪಿತು. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ, ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು.

ದರ ಹೇಳುವುದು ಒಂದೊಂದು ಬ್ಯಾಕ್ಟೀರಿಯಾಕ್ಕೆ ಬೇರೆ ಬೇರೆಯಾಗಿ. ನಮಗೆ ಬಂದ ಕೊಟೇಶನ್‌ಗಳಲ್ಲಿ, ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ (ವಿಧಾನ ಮುಂದೆ ಹೇಳುತ್ತೇನೆ) ಒಂದು ಬ್ಯಾಕ್ಟೀರಿಯಾಕ್ಕೆ 1,500ರಿಂದ 2,500 ರೂಪಾಯಿ ಇತ್ತು. ಅದರ ಮೇಲೆ 18% ಜಿಎಸ್‌ಟಿ. ಪೂರ್ತಿ ಹಣ ಮುಂಗಡ ಕಟ್ಟಿದ ಮೇಲೆಯೇ ಮಾದರಿ ಸ್ವೀಕರಿಸಿದರು.

ಕಾಗದಪತ್ರ ಹೆಚ್ಚೇನಿಲ್ಲ, ಆದರೆ ಒಂದಕ್ಷರ ಹೆಚ್ಚುಕಡಿಮೆಯಾಗುವಂತಿಲ್ಲ. ಅರ್ಜಿ ನಮೂನೆ, ಪರವಾನಗಿಯ ಪ್ರತಿ, ಸಂಘದ ಪ್ಯಾನ್, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ, ಯಾವುದು ಎಷ್ಟು ಶೇಕಡಾ ಇದೆ ಎಂಬ ಪಟ್ಟಿ. ಈ ಪಟ್ಟಿ ಕೊಡಲು ನಮ್ಮವರು ಹಿಂಜರಿದರು. ನಮ್ಮ ಪಾಕ ಇನ್ನೊಬ್ಬರ ಕೈಗೆ ಹೋದರೆ ಹೇಗೆ ಎಂಬ ಭಯ ಸಹಜವೇ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿ ಕೊಡಿ ಎಂದರೆ ಕೊಡುತ್ತಾರೆ, ಸಂಕೋಚಪಡದೆ ಕೇಳಿ. ಡಬ್ಬಿಯ ಮೇಲೆ ಇರುವ ಹೆಸರೇ ಅರ್ಜಿಯಲ್ಲಿಯೂ ಇರಬೇಕು. ವರದಿ ಹೊರಬಿದ್ದ ಮೇಲೆ ಹೆಸರು ಬದಲಿಸಿಕೊಡುವುದಿಲ್ಲ.

ಇದೆಲ್ಲಕ್ಕಿಂತ ಬೆಲೆಬಾಳುವ ಸಲಹೆ ಉಪನ್ಯಾಸಕಿ ಮೇಡಂ ಕೊಟ್ಟದ್ದು. "ಬೇವು, ಅರಿಶಿನ ಹಾಕದ ಬರಿಯ ಮುಲಾಮನ್ನೂ ಒಂದು ಡಬ್ಬಿ ತಯಾರಿಸಿ, ಅದನ್ನೂ ಪರೀಕ್ಷೆಗೆ ಕೊಡಿ" ಎಂದರು. ಯಾಕೆ ಎಂದು ಕೇಳಿದೆ. ಸಾಬೂನಿನ ಕ್ಷಾರವೇ ಬ್ಯಾಕ್ಟೀರಿಯಾವನ್ನು ತಡೆಯಬಹುದು, ಕ್ರೀಮಿಗೆ ಹಾಕುವ ಸಂರಕ್ಷಕವೇ ತಡೆಯಬಹುದು, ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಇದ್ದೇ ಇರುತ್ತದೆ. ಬರಿಯ ಮುಲಾಮನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಆ ಗುಣ ನಿಮ್ಮ ಬೇವಿನದೇ ಎಂದು ಹೇಳುವುದು ಹೇಗೆ ಎಂದರು. ಖರ್ಚು ಹೆಚ್ಚುತ್ತದೆ ನಿಜ. ಆದರೂ ಮಾಡಿಸಿ.

ಮಾದರಿ ಒಯ್ಯುವುದು ನಮ್ಮ ಕಡೆ ದೊಡ್ಡ ಕೆಲಸ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಇರುತ್ತದೆ, ಮುಚ್ಚಿದ ವಾಹನದೊಳಗೆ ಇನ್ನೂ ಹೆಚ್ಚು. ಕೊರಿಯರ್‌ನಲ್ಲಿ ಕಳಿಸಿದ ಮೊದಲ ಪೆಟ್ಟಿಗೆಯಲ್ಲಿ ಮುಲಾಮು ಕರಗಿ, ಎಣ್ಣೆ ಮೇಲೆ, ಅರಿಶಿನ ತಳದಲ್ಲಿ ನಿಂತಿತ್ತು. ಪ್ರಯೋಗಾಲಯದವರು ಅದನ್ನು ಒಪ್ಪಲಿಲ್ಲ, ಒಪ್ಪದೇ ಇದ್ದದ್ದು ಸರಿಯೂ ಹೌದು. ಎರಡನೆಯ ಸಲ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟು, ಒಂದೇ ಬ್ಯಾಚಿನ ಮುಚ್ಚಳ ತೆರೆಯದ ಡಬ್ಬಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನೇ ರೈಲು ಹತ್ತಿದೆ. ವಾಡಿ, ತಾಂಡೂರು, ವಿಕಾರಾಬಾದ್ ದಾಟುವವರೆಗೂ ಪೆಟ್ಟಿಗೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಸಾಧ್ಯವಿದ್ದರೆ ಈ ಕೆಲಸವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಪರೀಕ್ಷೆಯ ವಿಧಾನ ಹೀಗೆ. ಮುಲ್ಲರ್-ಹಿಂಟನ್ ಅಗರ್ ಎಂಬ, ಗಟ್ಟಿ ಗಂಜಿಯಂತಹ ಪದಾರ್ಥವನ್ನು ತಟ್ಟೆಯಲ್ಲಿ ಹೆಪ್ಪುಗಟ್ಟಿಸುತ್ತಾರೆ. ಅದರ ಮೇಲೆ ಒಂದು ಮಿಲಿಲೀಟರಿನಲ್ಲಿ ಸುಮಾರು 15 ಕೋಟಿ ಬ್ಯಾಕ್ಟೀರಿಯಾ ಇರುವ ದ್ರವವನ್ನು ಸವರುತ್ತಾರೆ. ಆ ಸಾಂದ್ರತೆಗೆ 0.5 ಮ್ಯಾಕ್‌ಫರ್ಲ್ಯಾಂಡ್ ಎನ್ನುತ್ತಾರೆ. ಆಮೇಲೆ ಆರರಿಂದ ಎಂಟು ಮಿಲಿಮೀಟರ್ ಅಗಲದ ಕುಳಿ ಕೊರೆದು ಅದರೊಳಗೆ ನಮ್ಮ ವಸ್ತು, ಇನ್ನೊಂದರಲ್ಲಿ ಬರಿಯ ಮುಲಾಮು, ಮತ್ತೊಂದರಲ್ಲಿ ಹೋಲಿಕೆಗೆ ಆ್ಯಂಟಿಬಯೋಟಿಕ್ ತುಂಬಿ 37 ಡಿಗ್ರಿಯಲ್ಲಿ ಒಂದು ದಿನ ಇಡುತ್ತಾರೆ. ತಡೆಯುವ ಶಕ್ತಿ ಇದ್ದರೆ ಕುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವರ್ತುಲ ಕಾಣುತ್ತದೆ. ಅದನ್ನೇ ಝೋನ್ ಎಂದು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಕುಳಿಯ ಅಗಲವೂ ಆ ಅಳತೆಯಲ್ಲಿ ಸೇರಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. 8 ಮಿ.ಮೀ. ಕುಳಿಗೆ 8 ಮಿ.ಮೀ. ಎಂದು ಬರೆದಿದ್ದರೆ ಏನೂ ತಡೆದಿಲ್ಲ ಎಂದೇ ಅರ್ಥ. ನಾವು ಆರಿಸಿಕೊಂಡದ್ದು ಚರ್ಮದ ಹುಣ್ಣು, ಕೀವಿಗೆ ಹೆಚ್ಚಾಗಿ ಕಾರಣವಾಗುವ ಸ್ಟೆಫೈಲೋಕಾಕಸ್ ಆರಿಯಸ್, ಮತ್ತು ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಜೊತೆಗೆ, ಮುಲಾಮಿನೊಳಗೇ ಎಷ್ಟು ಜೀವಾಣುಗಳಿವೆ ಎಂದು ಎಣಿಸುವ ಪರೀಕ್ಷೆಯನ್ನೂ ಸೇರಿಸಿದ್ದೆವು.

ಮುಂದಿನ ವಾರ ಪ್ರಯೋಗಾಲಯದಿಂದ ಫೋನ್ ಬಂತು. "ಮೇಡಂ, ತಟ್ಟೆಯಲ್ಲಿ ಝೋನ್ ಕಾಣುತ್ತಿಲ್ಲ. ನಿಮ್ಮ ಮುಲಾಮಿನಿಂದಲೇ ಬ್ಯಾಕ್ಟೀರಿಯಾ ಬೆಳೆದು ಕುಳಿಯ ಸುತ್ತ ಹರಡಿದೆ" ಎಂದರು. ನಾನು ಆಗ ಸೂಪರ್ ಮಾರ್ಕೆಟ್ ಬಳಿ ಸಾಮಾನು ಕೊಳ್ಳುತ್ತಿದ್ದೆ. ಚೀಲ ಕೆಳಗಿಟ್ಟು ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಊರ ತುಂಬ ಹೆಂಗಸರು ಒಡೆದ ಕಾಲಿಗೆ ಹಚ್ಚಿಕೊಳ್ಳುತ್ತಿರುವ ವಸ್ತು ಅದು. ಸಂಘದ ಸಭೆಯಲ್ಲಿ ವಿಷಯ ಹೇಳಿದಾಗ ಯಾರೂ ಮಾತಾಡಲಿಲ್ಲ. ಖಜಾಂಚಿಯಾಗಿರುವ ನಮ್ಮ ಅಕ್ಕ ಮಾತ್ರ, "ಇಲ್ಲಿಯವರೆಗೆ ಮಾರಿದ್ದಕ್ಕೆ ಏನು ಮಾಡೋಣ?" ಎಂದು ಕೇಳಿದರು. ಅಂಗಡಿಗಳಲ್ಲಿ ಉಳಿದಿದ್ದ ಡಬ್ಬಿಗಳನ್ನು ಅಂದೇ ವಾಪಸು ತರಿಸಿದೆವು.

ಕಾರಣ ಅರಿಶಿನದ ಪುಡಿ. ಅರಿಶಿನದ ಕೊಂಬನ್ನು ಬೇಯಿಸಿ ನೆಲದ ಮೇಲೆ ಹರಡಿ ಒಣಗಿಸುತ್ತಾರೆ. ಮಣ್ಣಿನಲ್ಲಿರುವ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು ಗಟ್ಟಿ ಚಿಪ್ಪಿನ ಬೀಜಾಣುಗಳಾಗಿ ಪುಡಿಯಲ್ಲಿ ಉಳಿದುಬಿಡುತ್ತವೆ. ಅವು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ನೀರಿನಂಶವಿಲ್ಲದ ಎಣ್ಣೆಯಲ್ಲಿ ಸುಮ್ಮನೆ ಇರುತ್ತವೆ, ತಟ್ಟೆಯ ತೇವ ಸಿಕ್ಕ ಕೂಡಲೇ ಮೊಳೆಯುತ್ತವೆ. ಒಡೆದ ಹಿಮ್ಮಡಿಯಲ್ಲೂ ತೇವ ಇರುತ್ತದೆಯಲ್ಲ ಎಂಬ ಯೋಚನೆ ನನ್ನನ್ನು ಆ ದಿನಗಳಲ್ಲಿ ನಿದ್ದೆ ಮಾಡಗೊಡಲಿಲ್ಲ. ಚರ್ಮದ ಕ್ರೀಮ್‌ಗಳ ಭಾರತೀಯ ಮಾನಕ ಐಎಸ್ 6608ರಲ್ಲಿ ಒಂದು ಗ್ರಾಂಗೆ 1,000 ಜೀವಾಣುಗಳ ಮಿತಿಯಿದೆ. ನಮ್ಮ ಎಣಿಕೆ ಅದನ್ನು ಮೀರಿತ್ತು. ಗಿಡಮೂಲಿಕೆಯ ಪುಡಿ ಹಾಕಿ ಏನನ್ನೇ ತಯಾರಿಸುವವರು, ಬೇವಿನ ಎಲೆಯ ಪುಡಿಯಿರಲಿ, ಕಡಲೆಹಿಟ್ಟಿರಲಿ, ಈ ಎಣಿಕೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಸಿ. ಇದು ಅಗ್ಗದ ಪರೀಕ್ಷೆ, ಇದಾಗದೆ ಮುಂದಿನದಕ್ಕೆ ಹಣ ಕಟ್ಟಬೇಡಿ.

ಬಟ್ಟೆಯಲ್ಲಿ ಸೋಸಿದರೆ ಆದೀತೇ ಎಂದು ಕೇಳಿದೆವು. ಬೀಜಾಣು ಬಟ್ಟೆಯ ಕಣ್ಣಿಗೆ ಸಿಗುವಷ್ಟು ದೊಡ್ಡದಲ್ಲ. ಕೊನೆಗೆ ಪುಡಿಯನ್ನು ಕೈಬಿಟ್ಟು, ಹಬೆಯಲ್ಲಿ ಇಳಿಸಿದ ಅರಿಶಿನದ ತೈಲವನ್ನು ಹಾಕಿದೆವು. ಹಬೆಯ ಜೊತೆ ತೈಲ ಮೇಲೇರುತ್ತದೆ, ಬೀಜಾಣು ಪಾತ್ರೆಯಲ್ಲೇ ಉಳಿಯುತ್ತದೆ. ಡಬ್ಬಿಯ ತಯಾರಿಕಾ ಖರ್ಚು ಏರಿತು, ಮುಲಾಮಿನ ಹಳದಿ ಬಣ್ಣವೂ ಹೋಯಿತು. ಬಣ್ಣ ಹೋದದ್ದಕ್ಕೆ ಕೆಲವರು ಬೇಸರಪಟ್ಟರು. ಆದರೆ ಅರಿಶಿನದ ಬಣ್ಣ ಅಗರ್‌ನಲ್ಲಿ ಹರಡಿ ಹಳದಿ ಉಂಗುರ ಮೂಡಿದರೆ ಅದನ್ನೇ ಝೋನ್ ಎಂದು ತಪ್ಪು ತಿಳಿಯುವ ಸಾಧ್ಯತೆಯೂ ಇತ್ತು.

ಹೊಸ ಬ್ಯಾಚಿನಲ್ಲಿ ಎಣಿಕೆ ಮಿತಿಯೊಳಗೆ ಬಂತು. ಅಂದು ಸಂಘದಲ್ಲಿ ಎಲ್ಲರಿಗೂ ಚಹಾ ಮಾಡಿದೆವು. ಆದರೆ ತಟ್ಟೆಯ ಫಲಿತಾಂಶದಲ್ಲಿ ಸ್ಟೆಫೈಲೋಕಾಕಸ್‌ಗೂ ಇ. ಕೋಲಿಗೂ 'ಝೋನ್ ಇಲ್ಲ' ಎಂದೇ ಬಂತು. ಬರಿಯ ಮುಲಾಮಿಗೂ ಇಲ್ಲ, ಬೇವು ಹಾಕಿದ್ದಕ್ಕೂ ಇಲ್ಲ.

ಆ ಕಾಗದ ಹಿಡಿದುಕೊಂಡು ಮೇಡಂ ಹತ್ತಿರ ಹೋದೆ. ಅವರು ಓದಿ, "ನಿಮ್ಮ ಮುಲಾಮಿನಲ್ಲಿ ಗುಣ ಇಲ್ಲ ಎಂದು ಇದರಿಂದ ಹೇಳಲಾಗದು, ಇದೆ ಎಂದೂ ಹೇಳಲಾಗದು" ಎಂದರು. ಅಗರ್‌ನಲ್ಲಿ ಬಹುಪಾಲು ನೀರೇ ಇರುವುದು. ವರ್ತುಲ ಮೂಡಬೇಕಾದರೆ ಕುಳಿಯೊಳಗಿನ ವಸ್ತು ಆ ನೀರಿನಲ್ಲಿ ಕರಗಿ ಸುತ್ತ ಹರಡಬೇಕು. ಎಣ್ಣೆ ಮತ್ತು ಮೇಣದಲ್ಲಿ ಸಿಕ್ಕಿಕೊಂಡದ್ದು ಅಲ್ಲೇ ನಿಲ್ಲುತ್ತದೆ. ಅದೇ ಕಾರಣಕ್ಕೆ, ಎರಡು ವಸ್ತುಗಳಲ್ಲಿ ದೊಡ್ಡ ವರ್ತುಲ ಮೂಡಿಸಿದ್ದೇ ಹೆಚ್ಚು ಶಕ್ತಿಯುಳ್ಳದ್ದು ಎಂದೂ ಹೇಳಲು ಬರುವುದಿಲ್ಲ, ಅದು ಹೆಚ್ಚು ದೂರ ಹರಡಿರಬಹುದು ಅಷ್ಟೆ. ಎಣ್ಣೆಯ ವಸ್ತು ತಯಾರಿಸುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಹಣ ಕಟ್ಟುವ ಮೊದಲು ಪ್ರಯೋಗಾಲಯದವರನ್ನು, "ನಮ್ಮದು ನೀರಿಲ್ಲದ ಎಣ್ಣೆ-ಮೇಣದ ವಸ್ತು, ಇದಕ್ಕೆ ಈ ವಿಧಾನ ಹೊಂದುತ್ತದೆಯೇ?" ಎಂದು ಕೇಳಿ. ಕೌಂಟರ್‌ನಲ್ಲಿ ಹಣ ಪಡೆಯುವವರನ್ನಲ್ಲ, ಪರೀಕ್ಷೆ ಮಾಡುವವರನ್ನು ಕೇಳಿ.

ನಮಗೆ ಹೊಂದುವುದು ಟೈಮ್-ಕಿಲ್ ಎಂಬ ಬೇರೆ ಪರೀಕ್ಷೆ. ಎಎಸ್‌ಟಿಎಂ ಇ2315 ಎಂಬುದು ಅದರ ಮಾನಕ. ಎಣಿಸಿದಷ್ಟು ಬ್ಯಾಕ್ಟೀರಿಯಾವನ್ನು ವಸ್ತುವಿನಲ್ಲೇ ಬೆರೆಸಿ, ಗೊತ್ತುಮಾಡಿದ ಹೊತ್ತಿಗೆ ಸ್ವಲ್ಪ ಸ್ವಲ್ಪ ತೆಗೆದು, ಎಷ್ಟು ಬದುಕುಳಿದಿವೆ ಎಂದು ಎಣಿಸುತ್ತಾರೆ. ತೆಗೆದ ಕೂಡಲೇ ವಸ್ತುವಿನ ಶಕ್ತಿಯನ್ನು ನಿಲ್ಲಿಸುವ ದ್ರವವನ್ನು ಸೇರಿಸಬೇಕು, ಇಲ್ಲದಿದ್ದರೆ ತಟ್ಟೆಯ ಮೇಲೂ ಕೊಲ್ಲುವುದು ಮುಂದುವರಿದು ಲೆಕ್ಕ ಸುಳ್ಳಾಗುತ್ತದೆ. ಆ ದ್ರವ ನಿಮ್ಮ ವಸ್ತುವಿಗೆ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿದ ಪುಟವೂ ವರದಿಯಲ್ಲಿ ಇರಬೇಕು ಎಂದು ಮೊದಲೇ ಬರೆಸಿಕೊಳ್ಳಿ. ಎಣ್ಣೆಯನ್ನು ನೀರಿನಲ್ಲಿರುವ ಬ್ಯಾಕ್ಟೀರಿಯಾದ ಜೊತೆ ಬೆರೆಸಲು ಟ್ವೀನ್-80 ಎಂಬುದನ್ನು ಹಾಕುತ್ತಾರೆ. ಅದನ್ನು ಮಾತ್ರ ಹಾಕಿದ ಮಾದರಿಯೂ ಪಕ್ಕದಲ್ಲಿರಬೇಕು. ಒಂದು ಬ್ಯಾಕ್ಟೀರಿಯಾಕ್ಕೆ ನಮಗೆ ಹೇಳಿದ ದರ 8,000 ರೂಪಾಯಿಯ ಆಸುಪಾಸು. ಇಷ್ಟಾದ ಮೇಲೆ ನಿಲ್ಲಿಸಿಬಿಡೋಣ ಎಂದವರು ಸಂಘದಲ್ಲಿ ಹಲವರಿದ್ದರು. ಮಾಡಿಸಲೇಬೇಕು ಎಂದು ಹಟ ಹಿಡಿದವರು ಖಜಾಂಚಿ ಅಕ್ಕ. ಎಲ್ಲ ಸೇರಿ ನಮ್ಮ ಖರ್ಚು 40,000 ರೂಪಾಯಿ ದಾಟಿತು.

ಈ ಸಲದ ಕಾಯುವಿಕೆಯೇ ಎಲ್ಲಕ್ಕಿಂತ ದೀರ್ಘ. ಫೋನ್ ಮಾಡಿದಾಗಲೆಲ್ಲ "ವರದಿ ಪರಿಶೀಲನೆಯಲ್ಲಿದೆ" ಎಂಬ ಉತ್ತರ. ವರದಿ ಕೊಡುವ ದಿನಾಂಕವನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಫಲಿತಾಂಶ ಓದಲು 'ಲಾಗ್' ಲೆಕ್ಕ ಗೊತ್ತಿರಬೇಕು. 1 ಲಾಗ್ ಎಂದರೆ 90% ಕಡಿಮೆಯಾದದ್ದು, 2 ಲಾಗ್ ಎಂದರೆ 99%, 3 ಲಾಗ್ ಎಂದರೆ 99.9%. ಶೇಕಡಾವಾರು ಕೇಳಲು ದೊಡ್ಡದಾಗಿ ಕಾಣುತ್ತದೆ. ಹತ್ತು ಲಕ್ಷ ಬ್ಯಾಕ್ಟೀರಿಯಾಗಳಲ್ಲಿ 99% ಸತ್ತರೂ ಹತ್ತು ಸಾವಿರ ಉಳಿಯುತ್ತವೆ. ನಮ್ಮ ಮುಲಾಮು ಒಂದು ಗಂಟೆಯಲ್ಲಿ ಸ್ಟೆಫೈಲೋಕಾಕಸ್ ಅನ್ನು 1 ಲಾಗ್‌ಗಿಂತ ತುಸು ಹೆಚ್ಚು ಇಳಿಸಿತ್ತು. ಬರಿಯ ಮುಲಾಮು ಹೆಚ್ಚೇನೂ ಇಳಿಸಿರಲಿಲ್ಲ. ಅಂದರೆ ಗುಣ ಬೇವು ಮತ್ತು ಅರಿಶಿನದ ತೈಲದ್ದೇ. ಇ. ಕೋಲಿಯ ಮೇಲೆ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಆ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಇಂಥ ತೈಲಗಳು ಸುಲಭವಾಗಿ ಒಳಹೋಗುವುದಿಲ್ಲವಂತೆ. ವರದಿಯ ಕೊನೆಯಲ್ಲಿ, ಈ ಫಲಿತಾಂಶ ಪರೀಕ್ಷಿಸಿದ ಮಾದರಿಗೆ ಮಾತ್ರ ಅನ್ವಯ ಎಂಬ ಸಾಲಿದೆ. ಜನರ ಚರ್ಮದ ಮೇಲೆ ಏನಾಗುತ್ತದೆ ಎಂಬುದನ್ನು ಈ ಪರೀಕ್ಷೆ ನೋಡಿಯೇ ಇಲ್ಲ.

ವ್ಯಾಪಾರಿಗೆ ಇಷ್ಟೇ ಸಾಕಾಗಿತ್ತು. "90 ಶೇಕಡಾ ಬ್ಯಾಕ್ಟೀರಿಯಾ ನಾಶ ಎಂದು ದೊಡ್ಡಕ್ಷರದಲ್ಲಿ ಹಾಕಿಸಿ" ಎಂದರು. ಮುದ್ರಣಕ್ಕೆ ಕೊಡುವ ಮೊದಲು ಔಷಧ ನಿಯಂತ್ರಣ ಕಚೇರಿಯಲ್ಲಿ ವಿಚಾರಿಸಿದೆವು. ಅಲ್ಲಿನ ಅಧಿಕಾರಿ ಸಮಾಧಾನದಿಂದ ತಿಳಿಸಿಕೊಟ್ಟರು. ಶುಚಿಗೊಳಿಸಲು, ಅಂದ ಹೆಚ್ಚಿಸಲು ಹಚ್ಚುವುದು ಸೌಂದರ್ಯವರ್ಧಕ. ರೋಗ ತಡೆಯುತ್ತದೆ, ಸೋಂಕು ವಾಸಿಮಾಡುತ್ತದೆ ಎಂದು ಬರೆದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಅದು ಔಷಧದ ಲೆಕ್ಕಕ್ಕೆ ಬರುತ್ತದೆ, ಪರವಾನಗಿಯೇ ಬೇರೆ. ಆಯುರ್ವೇದ ಔಷಧವಾಗಿ ಮಾಡಬೇಕೆಂದರೆ ಅದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಕೊಳ್ಳುವವರನ್ನು ದಾರಿತಪ್ಪಿಸುವ ಯಾವ ಮಾತನ್ನೂ ಡಬ್ಬಿಯ ಮೇಲೆ ಹಾಕುವಂತಿಲ್ಲ.

ಕಾನೂನು ಬಿಟ್ಟರೂ ನನಗೆ ಮನಸ್ಸಾಗಲಿಲ್ಲ. ನಮ್ಮ ಸಂಘದ ದೊಡ್ಡವ್ವನಿಗೆ ಸಕ್ಕರೆ ಕಾಯಿಲೆ ಇದೆ. ಪಾದದಲ್ಲಿ ಹುಣ್ಣಾಗಿ ಕೀವು ಸೇರಿದಾಗಲೂ "ನಮ್ಮದೇ ಮುಲಾಮು ಇದೆಯಲ್ಲ" ಎಂದು ಹಚ್ಚಿಕೊಂಡು ಕೂತಿದ್ದರು. ಬೈದು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಇನ್ನೂ ಕೆಲವು ದಿನ ತಡವಾಗಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು ಎಂದು ವೈದ್ಯರು ಹೇಳಿದರು. ಡಬ್ಬಿಯ ಮೇಲೆ ಬ್ಯಾಕ್ಟೀರಿಯಾ ನಾಶ ಎಂದು ಅಚ್ಚಾದರೆ ಇಂಥ ಎಷ್ಟು ಜನ ಮನೆಯಲ್ಲೇ ಕೂರುತ್ತಾರೆ? ಸಭೆಯಲ್ಲಿ ಇದನ್ನು ಕೇಳಿದಾಗ ದೊಡ್ಡವ್ವನೇ ಮೊದಲು ಕೈಯೆತ್ತಿ, "ಬೇಡ, ಹಾಕಿಸಬೇಡಿ" ಎಂದರು.

ಈಗ ಡಬ್ಬಿಯ ಮೇಲೆ 'ಒಡೆದ ಹಿಮ್ಮಡಿಯನ್ನು ಮೃದುಗೊಳಿಸುವ ಮುಲಾಮು' ಎಂದಿದೆ. ಅದರ ಕೆಳಗೆ ದಪ್ಪಕ್ಷರದಲ್ಲಿ, ಕೀವು, ಊತ ಇದ್ದರೆ ಅಥವಾ ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಹುಣ್ಣಾಗಿದ್ದರೆ ಹಚ್ಚದೆ ವೈದ್ಯರಿಗೆ ತೋರಿಸಿ ಎಂದು ಹಾಕಿಸಿದ್ದೇವೆ. ವ್ಯಾಪಾರಿ ಹೇಳಿದ್ದ ದೊಡ್ಡ ಆರ್ಡರ್ ಬರಲಿಲ್ಲ, ಸಣ್ಣದೊಂದು ಬಂದಿದೆ. ಜೀವಾಣು ಎಣಿಕೆಯ ಪರೀಕ್ಷೆಯನ್ನು ಮಾತ್ರ ಇನ್ನು ಮುಂದೆ ಪ್ರತಿ ಬ್ಯಾಚಿಗೂ ಮಾಡಿಸುವುದೆಂದು ತೀರ್ಮಾನವಾಗಿದೆ. ಪ್ರತಿ ಬ್ಯಾಚಿನಿಂದ ಮುಚ್ಚಳ ತೆರೆಯದ ಕೆಲವು ಡಬ್ಬಿಗಳನ್ನು ದಿನಾಂಕ ಬರೆದು ತೆಗೆದಿಡುತ್ತಿದ್ದೇವೆ. ಯಾರಾದರೂ ದೂರು ಹೇಳಿದರೆ ಅದೇ ಬ್ಯಾಚಿನದನ್ನು ಮತ್ತೆ ಪರೀಕ್ಷೆಗೆ ಕೊಡಲು ಅವು ಬೇಕಾಗುತ್ತವೆ.